ಹೊಸ ಹಾಕಿ ಲೀಗಿಗೆ ಕಮಿಷನರ್ ಯಾರು, ಕಚೇರಿ ಯಾವ ಊರಲ್ಲಿ?

ಅಮೆರಿಕದ ಕಾಲೇಜು ಹಾಕಿ ನೋಡುವ ನಮ್ಮ ಬಳಗದಲ್ಲಿ ಒಂದು ವಾದ ಮುಗಿಯುವುದೇ ಇಲ್ಲ. ಯಾವುದೋ ತಂಡ ಒಂದು ಕಾನ್ಫರೆನ್ಸ್ (ಅಂದರೆ ಲೀಗ್) ಬಿಟ್ಟು ಇನ್ನೊಂದಕ್ಕೆ ಹಾರಿದಾಗಲೆಲ್ಲ ಅದು ಮತ್ತೆ ಶುರುವಾಗುತ್ತದೆ. ಹೊಸದಾಗಿ ಕೂಡಿಕೊಂಡ ಲೀಗಿಗೆ ಕಮಿಷನರ್ (ಲೀಗ್ ನಡೆಸುವ ಮುಖ್ಯಸ್ಥರು) ಆಗಿ ಎಂಥವರನ್ನು ತರಬೇಕು? ಕಚೇರಿ ಯಾವ ಊರಲ್ಲಿ ಇಡಬೇಕು? ಸೇಂಟ್ ಥಾಮಸ್ ವಿಶ್ವವಿದ್ಯಾಲಯ 2026ಕ್ಕೆ ಸಿಸಿಎಚ್‌ಎ ಎಂಬ ಲೀಗ್ ಬಿಟ್ಟು ಎನ್‌ಸಿಎಚ್‌ಸಿ ಎಂಬ ಇನ್ನೊಂದು ಲೀಗಿಗೆ ಹೋಗುತ್ತದೆ ಎಂದು ಗೊತ್ತಾದ ಮೇಲಂತೂ ಇಬ್ಬರು ಮೂವರು ನನ್ನನ್ನೇ ಕೇಳಿದರು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ.

(ಹಾಕಿ ಅಂದರೆ ಇಲ್ಲಿ ಐಸ್ ಹಾಕಿ. ಕೊಡಗಿನ ಹಾಕಿ ಮನಸ್ಸಿಗೆ ಬಂದರೆ ತಪ್ಪಿಲ್ಲ, ನನಗೂ ಮೊದಲ ಚಳಿಗಾಲದಲ್ಲಿ ಅದೇ ಬಂದಿತ್ತು.)

ಇದೇನು ಅಷ್ಟು ದೊಡ್ಡ ವಿಷಯ ಅನ್ನಿಸಿದರೆ ಒಂದು ಕನ್ನಡ ಕೂಟ ನಡೆಸಿ ನೋಡಿ. ನಾನು ಇದ್ದ ಒಂದು ಕೂಟದಲ್ಲಿ ಬ್ಯಾನರು, ಸೌಂಡ್ ಬಾಕ್ಸು, ಎರಡು ದೊಡ್ಡ ಅನ್ನದ ಪಾತ್ರೆ ಎಲ್ಲ ಅಧ್ಯಕ್ಷರ ಗ್ಯಾರೇಜಿನಲ್ಲಿ ಇರುತ್ತಿದ್ದವು. ಮೂರು ವರ್ಷ ಯುಗಾದಿಯೂ ರಾಜ್ಯೋತ್ಸವವೂ ಅವರ ಮನೆಯಿಂದ ಹತ್ತು ನಿಮಿಷದ ಶಾಲೆಯಲ್ಲೇ ನಡೆದವು. ಹಾಗೆ ಮಾಡೋಣ ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಪಾತ್ರೆ ಎಲ್ಲಿದೆಯೋ ಊಟ ಅಲ್ಲೇ, ಅಷ್ಟೆ. ದೂರದ ಊರಿನವರು ಮಾತ್ರ ಒಬ್ಬೊಬ್ಬರೇ ಬರುವುದು ಬಿಟ್ಟರು.

ಹಾಕಿ ಲೀಗಿನ ಕಚೇರಿ ಅಂದರೂ ಹೆಚ್ಚುಕಡಿಮೆ ಇದೇ ಕಥೆ. ಜನ ಬೆರಳೆಣಿಕೆಯಷ್ಟು, ಆದರೆ ಪಾತ್ರೆ ಅವರ ಹತ್ತಿರ.

ಮೊದಲು ಸ್ವಲ್ಪ ಹಿನ್ನೆಲೆ

2010ರಲ್ಲಿ ಟೆರಿ ಪೆಗುಲಾ ಎಂಬ ಉದ್ಯಮಿ ತಾವು ಓದಿದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 8.8 ಕೋಟಿ ಡಾಲರ್ ಕೊಟ್ಟರು, ಹಾಕಿ ತಂಡ ಕಟ್ಟಿ ಅಂತ. ಪೆನ್ ಸ್ಟೇಟ್ ಸೇರಿದ್ದೇ ಬಿಗ್ ಟೆನ್ ಕಾನ್ಫರೆನ್ಸಿನಲ್ಲಿ ಹಾಕಿ ಆಡುವ ಶಾಲೆಗಳು (ಇಲ್ಲಿ ಶಾಲೆ ಅಂದರೆ ಕಾಲೇಜು, ವಿಶ್ವವಿದ್ಯಾಲಯ) ಆರಾದವು. ಆರು ಶಾಲೆ ಇದ್ದರೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶದ ಒಂದು ಸೀಟು ಸಿಗುತ್ತದೆ. 2011ರ ಮಾರ್ಚಿನಲ್ಲಿ ಬಿಗ್ ಟೆನ್ ತನ್ನದೇ ಹಾಕಿ ಲೀಗ್ ಮಾಡುತ್ತೇನೆ ಎಂದಿತು. ಮಿನ್ನೆಸೋಟ, ವಿಸ್ಕಾನ್ಸಿನ್ ಹಳೆಯ ಡಬ್ಲ್ಯುಸಿಎಚ್‌ಎ ಲೀಗ್ ಬಿಟ್ಟವು. ಮಿಶಿಗನ್, ಮಿಶಿಗನ್ ಸ್ಟೇಟ್, ಒಹಾಯೊ ಸ್ಟೇಟ್ ಹಳೆಯ ಸಿಸಿಎಚ್‌ಎ (ಈಗಿನದು ಅದೇ ಹೆಸರಿನ ಹೊಸ ಲೀಗ್) ಬಿಟ್ಟವು.

ಉಳಿದವರು ಕೈಕಟ್ಟಿ ಕೂರಲಿಲ್ಲ. ನಾಲ್ಕೇ ತಿಂಗಳಲ್ಲಿ ಡೆನ್ವರ್, ಕೊಲರಾಡೊ ಕಾಲೇಜ್, ನಾರ್ತ್ ಡಕೋಟ, ಮಿನ್ನೆಸೋಟ ಡುಲೂತ್, ಒಮಾಹಾ ಮತ್ತು ಮಯಾಮಿ (ಒಹಾಯೊದ್ದು, ಫ್ಲಾರಿಡಾದ್ದಲ್ಲ) ಸೇರಿ ಎನ್‌ಸಿಎಚ್‌ಸಿ ಕಟ್ಟಿದವು. ಸೇಂಟ್ ಕ್ಲೌಡ್ ಸ್ಟೇಟ್, ವೆಸ್ಟರ್ನ್ ಮಿಶಿಗನ್ ಬಂದು ಎಂಟಾಯಿತು. ಮೊದಲ ಆಟ 2013ರ ಶರತ್ಕಾಲದಲ್ಲಿ. ನಡುವೆ ಎರಡು ವರ್ಷ ಪೂರ್ತಿ ಕೈಯಲ್ಲಿತ್ತು, ಆಡಲು ಒಂದೂ ಪಂದ್ಯ ಇರಲಿಲ್ಲ. ಆ ಎರಡು ವರ್ಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವುದನ್ನು ಅಳೆಯಬೇಕು

ನನ್ನ ಮಟ್ಟಿಗೆ ಅಳತೆಗೋಲು ನಾಲ್ಕು. ನಾಲ್ಕಕ್ಕೂ ಒಂದೇ ತೂಕ ಇಲ್ಲ.

ಎಲ್ಲಕ್ಕಿಂತ ದೊಡ್ಡದು ನಂಬಿಕೆ. ಕಮಿಷನರ್ ಮಾಡುವ ಕೆಲಸದಲ್ಲಿ ಅರ್ಧ, ಒಬ್ಬರಿಗೆ ಬೇಸರ ಮಾಡುವ ಕೆಲಸ. ಶುಕ್ರವಾರ, ಶನಿವಾರ ರಾತ್ರಿ ಆಟ. ಭಾನುವಾರ ವಿಡಿಯೋ ನೋಡಿ, ತಲೆಗೆ ಹೊಡೆದ ಹುಡುಗನನ್ನು ಮುಂದಿನ ವಾರ ಕೂರಿಸಬೇಕೋ ಬೇಡವೋ ಹೇಳಬೇಕು. ಅವನು ಮುಂದಿನ ವಾರ ಎದುರಿಸಬೇಕಾದ ತಂಡ ಕಮಿಷನರ್ ಓದಿದ ಕಾಲೇಜಿನದ್ದೇ ಆದರೆ? ತೀರ್ಪು ಸರಿಯಿದ್ದರೂ ಗುಸುಗುಸು ತಪ್ಪದು.

ಎರಡನೆಯದು ಶಾಲೆಯ ಒಳಗಿನ ಲೆಕ್ಕ ಗೊತ್ತಿರಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಕೊಲರಾಡೊ ಕಾಲೇಜ್ ಹೆಚ್ಚಿನ ಆಟಗಳನ್ನು ಡಿವಿಷನ್ ಮೂರರಲ್ಲಿ ಆಡುತ್ತದೆ (ಒಂದು ಮೇಲಿನ ಮಟ್ಟ, ಮೂರು ಕೆಳಗಿನದು). ಹಾಕಿ ಮತ್ತು ಮಹಿಳೆಯರ ಸಾಕರ್ ಮಾತ್ರ ಡಿವಿಷನ್ ಒಂದು. ಡುಲೂತ್, ಸೇಂಟ್ ಕ್ಲೌಡ್ ಉಳಿದ ಆಟಗಳಲ್ಲಿ ಡಿವಿಷನ್ ಎರಡು. ಅವರ ಪಕ್ಕದಲ್ಲಿ ಡೆನ್ವರ್, ನಾರ್ತ್ ಡಕೋಟ ಕೂರುತ್ತವೆ. ಒಬ್ಬರ ಬಜೆಟ್ಟಿನಲ್ಲಿ ಹಾಕಿಯೇ ಮನೆಯ ದೊಡ್ಡ ಮಗ. ಇನ್ನೊಬ್ಬರ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ತಟ್ಟೆ ಹಿಡಿದು ನಿಂತಿರುತ್ತದೆ. ಎಲ್ಲರಿಗೂ ಒಂದೇ ವಂತಿಗೆ ಹಾಕಿದರೆ ಯಾರಿಗೆ ಉರಿಯುತ್ತದೆ ಎಂದು ಮೊದಲೇ ಗೊತ್ತಿರಬೇಕು.

ಮೂರನೆಯದು ಬಾಗಿಲು ತಟ್ಟುವ ತಾಕತ್ತು: ಟಿವಿ, ಪ್ರಾಯೋಜಕರು, ಟೂರ್ನಿಗೆ ಅರೀನಾ. ನಾಲ್ಕನೆಯದು ಓಡಾಟ. ಕಮಿಷನರ್ ಎಷ್ಟು ಸಲ ವಿಮಾನ ಬದಲಿಸಬೇಕು, ಎಂಟು ಅಥ್ಲೆಟಿಕ್ ಡೈರೆಕ್ಟರುಗಳು (ಶಾಲೆಗಳ ಕ್ರೀಡಾ ಮುಖ್ಯಸ್ಥರು) ಒಂದು ಕೋಣೆಗೆ ಬರಲು ಎಷ್ಟು ಖರ್ಚು.

ಹಾಕಿ ಜ್ಞಾನ ಎಲ್ಲಿ ಹೋಯಿತು ಅಂತ ಕೇಳಬಹುದು. ರೆಫರಿಗಳನ್ನು ನೋಡಿಕೊಳ್ಳಲು ಬೇರೆಯೇ ಒಬ್ಬರನ್ನು ಇಟ್ಟುಕೊಳ್ಳಬಹುದು, ಎಲ್ಲ ಲೀಗುಗಳೂ ಇಟ್ಟುಕೊಳ್ಳುತ್ತವೆ. ಅದು ಕಮಿಷನರಲ್ಲೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಲೀಗ್ ಮುಳುಗುವುದಿಲ್ಲ.

ಕಮಿಷನರ್: ನಾಲ್ಕು ಬಗೆ

*ಹೊರಗಿನ ದೊಡ್ಡ ಹೆಸರು.* ಎನ್‌ಸಿಎಚ್‌ಸಿ ಮೊದಲು ಆರಿಸಿದ್ದು ಇಂಥವರನ್ನೇ. ಜಿಮ್ ಶೆರ್ 1988ರ ಸೋಲ್ ಒಲಿಂಪಿಕ್ಸಿನಲ್ಲಿ ಕುಸ್ತಿ ಆಡಿದವರು, ಆಮೇಲೆ ಅಮೆರಿಕದ ಒಲಿಂಪಿಕ್ ಸಮಿತಿಯ ಮುಖ್ಯಸ್ಥರಾಗಿದ್ದವರು. ಹಾಕಿಯವರಲ್ಲ. ಆದರೆ ಆ ಹೊತ್ತಿಗೆ ಲೀಗಿನ ಹತ್ತಿರ ಏನಿತ್ತು? ಹೆಸರು, ಎಂಟು ಶಾಲೆ, ಒಂದಷ್ಟು ಕೋಪಗೊಂಡ ಹಳೆಯ ಗೆಳೆಯರು. ಆಟವೇ ಇಲ್ಲದ ಎರಡು ವರ್ಷದಲ್ಲಿ ಬೇಕಿದ್ದದ್ದು ನಿಯಮಾವಳಿ, ಕರಾರು, ಟಿವಿಯವರ ಜೊತೆ ಮಾತು. ಅದಕ್ಕೆ ಅಷ್ಟು ದೊಡ್ಡ ಸಂಸ್ಥೆ ನಡೆಸಿದ ಕೈ ಸರಿ. ಯಾವ ಶಾಲೆಯ ಬಣ್ಣವೂ ಅವರ ಅಂಗಿಗೆ ಅಂಟಿರಲಿಲ್ಲ, ಅದು ಇನ್ನೂ ದೊಡ್ಡ ಲಾಭ. ತೊಂದರೆ ಏನೆಂದರೆ ಇಂಥವರು ಜಾಸ್ತಿ ದಿನ ನಿಲ್ಲುವುದಿಲ್ಲ. 2013ರಲ್ಲಿ ಲೀಗ್ ಆಡಲು ಇಳಿಯುವ ಹೊತ್ತಿಗೆ ಕುರ್ಚಿ ಜಾಷ್ ಫೆಂಟನ್ ಕೈಗೆ ಬಂದಿತ್ತು.

*ಕ್ಯಾಂಪಸ್ಸಿನ ಆಡಳಿತಗಾರ.* ಫೆಂಟನ್ ಬಂದದ್ದು ಮಯಾಮಿಯ ಕ್ರೀಡಾ ಆಡಳಿತದಿಂದ. 2022ರಲ್ಲಿ ಅವರ ಜಾಗಕ್ಕೆ ಬಂದ ಹೆದರ್ ವೀಮ್ಸ್ ಸೇಂಟ್ ಕ್ಲೌಡ್ ಸ್ಟೇಟಿನ ಅಥ್ಲೆಟಿಕ್ ಡೈರೆಕ್ಟರ್ ಆಗಿದ್ದವರು. ಇಬ್ಬರೂ ಸದಸ್ಯ ಶಾಲೆಯವರೇ. ಹಾಗಾದರೆ ನಂಬಿಕೆಯ ಅಳತೆಯಲ್ಲಿ ಸೋಲಬೇಕಿತ್ತು ಅಲ್ವಾ? ಕಾಗದದ ಮೇಲೆ ಹೌದು. ಆದರೆ 2020ರ ಡಿಸೆಂಬರ್ ನೋಡಿ. ಕೋವಿಡ್ ಕಾಲ, ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಎನ್‌ಸಿಎಚ್‌ಸಿ ಎಂಟೂ ತಂಡಗಳನ್ನು ಒಮಾಹಾದ ಬ್ಯಾಕ್ಸ್ಟರ್ ಅರೀನಾಕ್ಕೆ ತಂದು, ಒಂದೇ ರಿಂಕಿನಲ್ಲಿ ಮೂರು ವಾರದಲ್ಲಿ ಸುಮಾರು 40 ಪಂದ್ಯ ಆಡಿಸಿತು. ಒಂದೇ ದಿನ ಎರಡು ಮೂರು ಪಂದ್ಯ. ಹುಡುಗರ ಪರೀಕ್ಷೆ, ಹೋಟೆಲ್ ಕೋಣೆ, ಊಟ, ಕೋವಿಡ್ ಟೆಸ್ಟು, ಎಂಟು ವಿಶ್ವವಿದ್ಯಾಲಯಗಳ ವಕೀಲರು. ಇದನ್ನು ದಾಟಿಸಲು ಶಾಲೆಯ ಯಾವ ಕಾಗದ ಯಾರ ಮೇಜಿನ ಮೇಲೆ ನಿಲ್ಲುತ್ತದೆ ಎಂದು ಗೊತ್ತಿರುವವರೇ ಬೇಕು. ದೊಡ್ಡ ಹೆಸರಿನಿಂದ ಆಗುವ ಕೆಲಸ ಅಲ್ಲ ಅದು.

ನಂಬಿಕೆಯ ತೊಂದರೆಗೂ ಒಂದು ಮದ್ದು ಇದೆ, ಸಮಯ. ಲೀಗ್ ಹೊಸದಾಗಿದ್ದಾಗ ಸದಸ್ಯ ಶಾಲೆಯವರನ್ನು ತಂದರೆ ಅನುಮಾನ. ಹತ್ತು ವರ್ಷ ಒಟ್ಟಿಗೆ ಬದುಕಿದ ಮೇಲೆ ತಂದರೆ ಅನುಭವ.

*ಹಳೆಯ ಕೋಚ್.* 2019ರಲ್ಲಿ ಏಳು ಶಾಲೆಗಳು ಡಬ್ಲ್ಯುಸಿಎಚ್‌ಎ ಬಿಡುವುದಾಗಿ ಹೇಳಿದವು. ಆ ಲೀಗ್ ಆಗ ಅಲಾಸ್ಕದ ಫೇರ್‌ಬ್ಯಾಂಕ್ಸಿನಿಂದ ಅಲಬಾಮದ ಹಂಟ್ಸ್‌ವಿಲ್‌ವರೆಗೆ ಹರಡಿತ್ತು, ನೇರ ಗೆರೆ ಎಳೆದರೂ 5,000 ಕಿಲೋಮೀಟರಿಗಿಂತ ಜಾಸ್ತಿ. ಬಿಟ್ಟವರು ಸಿಸಿಎಚ್‌ಎ ಎಂಬ ಹಳೆಯ ಹೆಸರನ್ನು ಮತ್ತೆ ಎತ್ತಿಕೊಂಡು, 2020ರಲ್ಲಿ ಡಾನ್ ಲೂಸಿಯಾ ಅವರನ್ನು ಕಮಿಷನರ್ ಮಾಡಿದರು. ಮಿನ್ನೆಸೋಟ ತಂಡಕ್ಕೆ 2002, 2003ರಲ್ಲಿ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ತಂದ ಕೋಚ್. ಅದಕ್ಕೂ ಮುಂಚೆ ಅಲಾಸ್ಕದಲ್ಲಿ, ಕೊಲರಾಡೊ ಕಾಲೇಜಿನಲ್ಲಿ ಇದ್ದವರು. ಹೊಸ ಲೀಗಿನ ಯಾವ ತಂಡಕ್ಕೂ ಅವರು ಕೋಚ್ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ. ಕೋಚನ್ನು ತರುವುದಾದರೆ ಹೀಗೆ ತರಬೇಕು.

ಕೋಚ್ ಬಂದರೆ ಏನು ಸಿಗುತ್ತದೆ? ಫೋನ್ ಮಾಡಿದರೆ ಎಲ್ಲರೂ ಎತ್ತುತ್ತಾರೆ. ಕೋಚುಗಳು ಕೂಗಾಡಲು ಬಂದಾಗ, ತಾನೂ ಹೀಗೆ ಕೂಗಾಡಿದವನು ಎಂದು ನಕ್ಕು ಕೂರಿಸುವ ಸಲಿಗೆ ಇರುತ್ತದೆ. ಟಿವಿ ಕರಾರು, ವಕೀಲರು, ವಂತಿಗೆ ಲೆಕ್ಕ ಇವನ್ನು ಮಾತ್ರ ಪಕ್ಕದಲ್ಲಿ ಕೂತು ನೋಡಿಕೊಳ್ಳಲು ಒಬ್ಬ ಗಟ್ಟಿ ಸಹಾಯಕ ಬೇಕೇ ಬೇಕು. ಆ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯಿರಿ.

*ಪ್ರೊಫೆಷನಲ್ ಹಾಕಿಯ ಮಾತುಗಾರ.* ಡಬ್ಲ್ಯುಸಿಎಚ್‌ಎ ಬಡವಾಗಿ ನಿಂತಾಗ, 2014ರಲ್ಲಿ, ಮಿನ್ನೆಸೋಟ ವೈಲ್ಡ್ ತಂಡದಲ್ಲಿ ಪ್ರಚಾರದ ಕೆಲಸ ನೋಡಿದ್ದ ಬಿಲ್ ರಾಬರ್ಟ್‌ಸನ್ ಬಂದರು. ಮಾರುಕಟ್ಟೆ ಗೊತ್ತಿರುವವರು. ಆದರೆ ಮನೆಯೊಳಗೆ ಅಣ್ಣತಮ್ಮಂದಿರು ಪಾಲು ಕೇಳುತ್ತಿರುವಾಗ ಮುಂಬಾಗಿಲಿಗೆ ಎಷ್ಟು ತೋರಣ ಕಟ್ಟಿದರೇನು. ಐದು ವರ್ಷಕ್ಕೆ ಏಳು ಜನ ಹೊರಟರು. ಅದು ರಾಬರ್ಟ್‌ಸನ್ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನಕ್ಷೆಯೇ ಹಾಗಿತ್ತು. ಪ್ರಚಾರದವರನ್ನು ತರುವುದು ಸದಸ್ಯರು ಗಟ್ಟಿಯಾಗಿ ನಿಂತಿರುವ, ಆದರೆ ಊರಿಗೆ ಗೊತ್ತಿಲ್ಲದ ಲೀಗಿಗೆ ಸರಿ.

ಐದನೆಯ ದಾರಿಯೂ ಒಂದಿದೆ: ಬೇರೆ ಕಚೇರಿಯೇ ಬೇಡ, ಎಲ್ಲ ಆಟ ನಡೆಸುವ ದೊಡ್ಡ ಕಾನ್ಫರೆನ್ಸಿನ ಒಂದು ಮೂಲೆಯಲ್ಲಿ ಕೂರುವುದು. ಬಿಗ್ ಟೆನ್ ಮಾಡಿದ್ದು ಇದನ್ನೇ. ಹಣಕ್ಕೆ, ಟಿವಿಗೆ ಯೋಚನೆ ಇಲ್ಲ. ಆದರೆ ಫುಟ್‌ಬಾಲ್ ಮನೆಯಲ್ಲಿ ಹಾಕಿ ಬಾಡಿಗೆದಾರ. ಹಾಕಿಯನ್ನೇ ನಂಬಿದ ಸಣ್ಣ ಶಾಲೆಗಳಿಗೆ ಈ ಬಾಗಿಲು ಹೇಗೂ ತೆರೆದಿಲ್ಲ, ಬಿಡಿ.

ಊರು: ನಕ್ಷೆ ನೋಡಿ ಮೋಸ ಹೋಗಬೇಡಿ

ಎನ್‌ಸಿಎಚ್‌ಸಿ ಕಚೇರಿ ಇಟ್ಟದ್ದು ಕೊಲರಾಡೊ ಸ್ಪ್ರಿಂಗ್ಸಿನಲ್ಲಿ. ನಕ್ಷೆ ನೋಡಿದರೆ ಇದು ತಲೆಕೆಟ್ಟ ಆಯ್ಕೆ. ಲೀಗ್ ಹುಟ್ಟಿದಾಗ ಅದರ ಪಶ್ಚಿಮದ ತುದಿ ಅದು. ನಾರ್ತ್ ಡಕೋಟ ತಂಡದ ಊರು ಗ್ರ್ಯಾಂಡ್ ಫೋರ್ಕ್ಸಿಗೂ ವೆಸ್ಟರ್ನ್ ಮಿಶಿಗನ್ ಇರುವ ಕಲಮಜೂಗೂ ಹೋಗಬೇಕೆಂದರೆ ವಿಮಾನ ಬದಲಿಸಬೇಕು. ಒಳ್ಳೆಯ ವಿಮಾನ ಬೇಕೆಂದರೆ ಡೆನ್ವರ್‌ವರೆಗೆ ಒಂದೂವರೆ ತಾಸು ಕಾರು ಓಡಿಸಬೇಕು. ಸಾಲದ್ದಕ್ಕೆ ಕೊಲರಾಡೊ ಕಾಲೇಜ್ ಇರುವುದೂ ಅದೇ ಊರಲ್ಲಿ.

ಆದರೂ ಅದರಲ್ಲಿ ಬುದ್ಧಿ ಇದೆ. ಅಮೆರಿಕದ ಒಲಿಂಪಿಕ್ ಸಮಿತಿ ಆ ಊರಲ್ಲಿದೆ. ದೇಶದ ಹಾಕಿ ಆಡಳಿತ ನಡೆಸುವ ಯುಎಸ್‌ಎ ಹಾಕಿ ಸಂಸ್ಥೆಯೂ ಅಲ್ಲೇ. ಕ್ರೀಡಾ ಆಡಳಿತದಲ್ಲಿ ಪಳಗಿದ ಜನ ಕಾಫಿ ಅಂಗಡಿಯಲ್ಲೇ ಸಿಗುವ ಊರು. ಸಣ್ಣ ಕಚೇರಿಗೆ ಕೆಲಸಗಾರರು ಬೇಕೆಂದರೆ ಹುಡುಕಬೇಕಾಗಿಲ್ಲ. ಮೊದಲ ಕಮಿಷನರ್ ಶೆರ್ ವರ್ಷಗಟ್ಟಲೆ ಕೆಲಸ ಮಾಡಿದ್ದೂ ಇದೇ ಊರಲ್ಲಿ. ಊರು ಆರಿಸುವುದೂ ಮನುಷ್ಯನನ್ನು ಆರಿಸುವುದೂ ಎರಡು ತೀರ್ಮಾನ ಅಲ್ಲ ಎಂದು ನಾನು ಹೇಳುವುದು ಇದಕ್ಕೇ. ರಾಬರ್ಟ್‌ಸನ್ ಬಂದ ಮೇಲೆ ಡಬ್ಲ್ಯುಸಿಎಚ್‌ಎ ಕಚೇರಿಯೂ ಡೆನ್ವರಿನಿಂದ ಮಿನಿಯಾಪೊಲಿಸ್ ಆಸುಪಾಸಿಗೆ ಬಂತು. ಐವತ್ತು ದಾಟಿದವರು, ಮಕ್ಕಳು ಹೈಸ್ಕೂಲಿನಲ್ಲಿ ಇರುವವರು, ಐದು ಜನರ ಕಚೇರಿಗೋಸ್ಕರ ಮನೆ ಮಾರಿ ಬರುವುದಿಲ್ಲ. ಊರನ್ನು ಮೊದಲೇ ಕಲ್ಲಿನಲ್ಲಿ ಕೆತ್ತಿದರೆ ಒಳ್ಳೆಯ ಅರ್ಜಿಗಳು ಅರ್ಧ ಅಲ್ಲೇ ಉದುರುತ್ತವೆ.

ಅವಳಿ ನಗರ, ಅಂದರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್, ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು. ಯಾಕಿಲ್ಲ? ಹಾಕಿ ಪತ್ರಕರ್ತರು ಇಲ್ಲಿ, ಪ್ರಾಯೋಜಕರು ಇಲ್ಲಿ, ಮಾರ್ಚಿನಲ್ಲಿ ಅರೀನಾ ತುಂಬುವ ಜನ ಇಲ್ಲಿ. ಎನ್‌ಸಿಎಚ್‌ಸಿ ಕೂಡ ತನ್ನ ಫ್ರೋಜನ್ ಫೇಸಾಫ್ ಟೂರ್ನಿಯನ್ನು 2014ರಿಂದ ಮಿನಿಯಾಪೊಲಿಸ್ಸಿನ ಟಾರ್ಗೆಟ್ ಸೆಂಟರಿನಲ್ಲಿ, 2018ರಿಂದ ಸೇಂಟ್ ಪಾಲಿನ ಎಕ್ಸೆಲ್ ಎನರ್ಜಿ ಸೆಂಟರಿನಲ್ಲಿ ನಡೆಸಿತು. ಮಾರ್ಚಿನ ಆ ವಾರ ಸೇಂಟ್ ಪಾಲಿನ ಬೀದಿಯಲ್ಲಿ ನಡೆದರೆ ನಾರ್ತ್ ಡಕೋಟದ ಹಸಿರು ಜರ್ಸಿ ಎಷ್ಟು ಕಾಣುತ್ತದೆಂದರೆ, ಗ್ರ್ಯಾಂಡ್ ಫೋರ್ಕ್ಸಿನಲ್ಲಿ ಮನೆ ಕಾಯಲು ಯಾರಾದರೂ ಉಳಿದಿದ್ದಾರಾ ಅನ್ನಿಸುತ್ತದೆ. ಐದು ತಾಸು ಕಾರು ಓಡಿಸಿಕೊಂಡು ಬಂದವರು ಅವರು. ಆದರೆ ನೋಡಿ, ಅಷ್ಟು ವರ್ಷವೂ ಕಚೇರಿ ಕೊಲರಾಡೊದಲ್ಲಿ, ಟೂರ್ನಿ (ಕೋವಿಡ್ ಕಾಲದ 2020, 2021 ಬಿಟ್ಟರೆ) ಮಿನ್ನೆಸೋಟದಲ್ಲಿ. ಕಚೇರಿಯೂ ಟೂರ್ನಿಯೂ ಒಂದೇ ಊರಲ್ಲಿರಬೇಕು ಅನ್ನುವುದು ಸುಮ್ನೆ ಅಭ್ಯಾಸ. ಈಗಂತೂ 2026ರಿಂದ ಟೂರ್ನಿಯೇ ಕ್ಯಾಂಪಸ್ ರಿಂಕುಗಳಿಗೆ ಹೋಗುತ್ತದೆ. ಅವಳಿ ನಗರದ ಪರವಾಗಿದ್ದ ದೊಡ್ಡ ವಾದವೇ ಕಳಚಿತು. ಸೇಂಟ್ ಥಾಮಸ್ ಬಂದರೆ ಸೇಂಟ್ ಪಾಲ್ ಸದಸ್ಯರ ಊರೂ ಆಗುತ್ತದೆ, ಯಾರ ಊರೂ ಅಲ್ಲ ಅನ್ನುವ ಮಾತೂ ಹೋಯಿತು.

ಸಿಸಿಎಚ್‌ಎಗೆ ಲೆಕ್ಕವೇ ಬೇರೆ. ಹಳೆಯ ಸಿಸಿಎಚ್‌ಎ ಕಚೇರಿ ಡೆಟ್ರಾಯ್ಟ್ ಹೊರವಲಯದ ಫಾರ್ಮಿಂಗ್ಟನ್ ಹಿಲ್ಸಿನಲ್ಲಿತ್ತು. ಹೊಸದರ ಏಳರಲ್ಲಿ ನಾಲ್ಕು ಶಾಲೆ ಮಿಶಿಗನ್ನಿನವೇ. ಹಾಗಾದರೆ ಡೆಟ್ರಾಯ್ಟೇ ಸರಿ ಅನ್ನಿಸುತ್ತದೆ. ನಕ್ಷೆಯ ಮೋಸ ಅಂದದ್ದು ಇದನ್ನೇ. ಮಿಶಿಗನ್ ಟೆಕ್ ಇರುವ ಹೌಟನ್, ರಾಜ್ಯದ ಉತ್ತರದ ತುತ್ತತುದಿ. ಅಲ್ಲಿಂದ ರಸ್ತೆಯಲ್ಲಿ ಮಿನಿಯಾಪೊಲಿಸ್ ಹತ್ತಿರ, ತಮ್ಮದೇ ರಾಜ್ಯದ ಡೆಟ್ರಾಯ್ಟ್ ದೂರ. ಬೆಮಿಜಿ, ಮ್ಯಾಂಕೇಟೊ ಎರಡೂ ಮಿನ್ನೆಸೋಟದವು. ಆಮೇಲೆ ಸೌತ್ ಡಕೋಟದ ಆಗಸ್ಟಾನವೂ ಬಂತು. ಈ ಲೀಗಿಗೆ ಅವಳಿ ನಗರ ನಿಜಕ್ಕೂ ಒಪ್ಪುತ್ತದೆ.

ಯಾರ ಊರೂ ಅಲ್ಲದ ಊರೇ ಬೇಕು ಅನ್ನುವವರಿಗೆ ಶಿಕಾಗೊ ಇದೆ. ಎನ್‌ಸಿಎಚ್‌ಸಿಯ ಒಂದು ಶಾಲೆಯೂ ಇಲಿನಾಯ್ಸಿನಲ್ಲಿಲ್ಲ. ಓಹೇರ್ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬೆಳಿಗ್ಗೆ ಬಂದು ಸಭೆ ಮಾಡಿ ಸಂಜೆ ಹೋಗಬಹುದು. ಆದರೆ ಹಾಗೆ ಬಂದು ಹೋಗಲು ಕಚೇರಿಯೇ ಬೇಕಾ? ಸಭೆ ಅಲ್ಲಿ ಮಾಡಿ, ಬಾಡಿಗೆ ಬೇರೆ ಕಡೆ ಕಟ್ಟಿ. ಓಹೇರ್ ಪಕ್ಕದ ರೋಸ್‌ಮಾಂಟಿನಲ್ಲಿ ಬಿಗ್ ಟೆನ್ ಕೂತಿದೆ. ಅದರ ನೆರಳಲ್ಲಿ ಐದು ಜನರ ಕಚೇರಿ ಯಾರಿಗೂ ಕಾಣುವುದಿಲ್ಲ.

ನನಗೆ ಇಷ್ಟವಾಗುವ, ಯಾರೂ ಮಾತಾಡದ ಊರು ಒಮಾಹಾ. ಎನ್‌ಸಿಎಚ್‌ಸಿ ನಕ್ಷೆಯ ಹೆಚ್ಚುಕಡಿಮೆ ನಡುವೆ ಇದೆ, ಊರಿಂದ ವಿಮಾನ ನಿಲ್ದಾಣ ಹತ್ತಿರ, 2020ರಲ್ಲಿ ಎಲ್ಲರನ್ನೂ ಸಾಕಿದ ಊರು. ಸದಸ್ಯರ ಊರು ಅನ್ನುವ ಕೊರತೆ ಇದಕ್ಕೂ ಇದೆ. ಆದರೆ ಆ ಕೊರತೆ ಕೊಲರಾಡೊ ಸ್ಪ್ರಿಂಗ್ಸಿಗೂ ಇತ್ತಲ್ಲ.

ಸದಸ್ಯ ಶಾಲೆಯ ಕ್ಯಾಂಪಸ್ಸಿನಲ್ಲೇ ಬಿಟ್ಟಿ ಕೋಣೆ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಕೈಮುಗಿದು ಬೇಡ ಅನ್ನಿ. ಅನ್ನದ ಪಾತ್ರೆಯ ಕಥೆ ನೆನಪಿದೆಯಲ್ಲ.

ನಿಮ್ಮ ಕೈಯಲ್ಲಿ ಏನಿದೆ, ಅದರ ಮೇಲೆ

ಲೀಗ್ ಹುಟ್ಟಿ ಆಟ ಶುರುವಾಗಲು ಎರಡು ವರ್ಷ ಇದ್ದು, ಶಾಲೆಗಳ ಕೈಯಲ್ಲಿ ಕಾಸಿದ್ದರೆ ನಾನು ಹೊರಗಿನ ದೊಡ್ಡ ಹೆಸರನ್ನೇ ತರುತ್ತೇನೆ, ಕಚೇರಿ ಅವರು ಇರುವ ಊರಲ್ಲೇ. ಜೊತೆಗೆ ಮೊದಲ ದಿನದಿಂದ ಕ್ಯಾಂಪಸ್ ಬಲ್ಲ ಒಬ್ಬರನ್ನು ಎರಡನೇ ಕುರ್ಚಿಯಲ್ಲಿ ಕೂರಿಸುತ್ತೇನೆ. ದೊಡ್ಡ ಹೆಸರು ಹೋದ ದಿನ ಲೀಗ್ ತಬ್ಬಲಿ ಆಗಬಾರದು.

ಕಾಸು ಕಡಿಮೆ, ಬಸ್ಸಿನಲ್ಲೇ ಓಡಾಡುವ ಶಾಲೆಗಳು ಎಂದರೆ ಕೋಚ್ ಸಾಕು. ದುಬಾರಿ ಕಚೇರಿ ಬೇಡ, ಕಮಿಷನರ್ ಮನೆಯಿಂದ ಕೆಲಸ ಮಾಡಿದರೂ ನಡೆಯುತ್ತದೆ. ಉಳಿದ ದುಡ್ಡನ್ನು ರೆಫರಿಗಳಿಗೆ, ವಿಡಿಯೋ ಕ್ಯಾಮೆರಾಗಳಿಗೆ ಹಾಕಿ. ಒಂದು ಮಾತು ಮಾತ್ರ ಬರೆದಿಟ್ಟುಕೊಳ್ಳಿ: ಕಟ್ಟಡದ ಬಾಡಿಗೆ ಕರಾರು ಕಮಿಷನರ್ ಕರಾರಿಗಿಂತ ಉದ್ದ ಇರಕೂಡದು.

ಲೀಗಿಗೆ ಹತ್ತು ವರ್ಷವಾಗಿ, ಇನ್ನೊಂದೆರಡು ಶಾಲೆ ಬಂದು ಸೇರುತ್ತಿದ್ದರೆ ಆಡಳಿತಗಾರರೇ ಸರಿ. 2016ರಿಂದ 2025ರ ನಡುವೆ ಎನ್‌ಸಿಎಚ್‌ಸಿ ಶಾಲೆಗಳು ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದವು. ಅದನ್ನು ಗೆದ್ದದ್ದು ಆಟಗಾರರು, ಕಚೇರಿಯವರಲ್ಲ. ಆದರೆ ಅಷ್ಟು ವರ್ಷ ಯಾರೂ ಮನೆ ಬಿಟ್ಟು ಹೋಗಲಿಲ್ಲವಲ್ಲ, ಅದರ ಲೆಕ್ಕದಲ್ಲಿ ಕಚೇರಿಗೂ ಪಾಲಿದೆ.

ಇಬ್ಬರು ಮೂವರು ಅಭ್ಯರ್ಥಿಗಳಲ್ಲಿ ಯಾರು ಎಂದು ಕೊನೆಯಲ್ಲೂ ತೀರ್ಮಾನ ಆಗದಿದ್ದರೆ ನಾನು ಮ್ಯಾಂಕೇಟೊ ಪ್ರಶ್ನೆ ಕೇಳುತ್ತೇನೆ. 2022ರ ಮಾರ್ಚ್, ಹೊಸ ಸಿಸಿಎಚ್‌ಎಯ ಮೊದಲ ಫೈನಲ್. ಹೆಚ್ಚುವರಿ ಸಮಯದಲ್ಲಿ ಮ್ಯಾಂಕೇಟೊದ ತಂಡ ಮಿನ್ನೆಸೋಟ ಸ್ಟೇಟ್ ಗೋಲು ಹೊಡೆಯಿತು, ಮೇಸನ್ ಕಪ್ ಎತ್ತಿತು, ಜನ ಮನೆಗೆ ಹೊರಟರು. ಆಮೇಲೆ ವಿಡಿಯೋದಲ್ಲಿ ಕಂಡದ್ದು, ಪಕ್ (ಚೆಂಡಿನ ಬದಲು ಆಡುವ ಬಿಲ್ಲೆ) ಒಳಗೆ ಹೋದದ್ದು ಬಲೆಯ ಪಕ್ಕದಿಂದ, ಅಡಿಯಲ್ಲಿ ನುಸುಳಿ. ಒಂದು ತಾಸಿಗೂ ಮೀರಿ ಕಳೆದ ಮೇಲೆ ಗೋಲು ರದ್ದು. ಬೆಮಿಜಿ ಸ್ಟೇಟಿನ ಸೀಸನ್ ಮತ್ತೆ ಜೀವ ಪಡೆಯಿತು. ಎರಡೂ ತಂಡ ಮತ್ತೆ ಸ್ಕೇಟ್ ಕಟ್ಟಿಕೊಂಡು ಇಳಿದವು, ಮಿನ್ನೆಸೋಟ ಸ್ಟೇಟೇ ಮತ್ತೊಮ್ಮೆ ಗೆದ್ದಿತು.

ಈಗ ಅಭ್ಯರ್ಥಿಯನ್ನು ಕೇಳಿ. ಕಪ್ ಕೊಟ್ಟಾಗಿದೆ, ಪಾರ್ಕಿಂಗ್ ಲಾಟಿನಲ್ಲಿ ಕಾರುಗಳು ಹೊರಡುತ್ತಿವೆ, ಗೋಲು ಗೋಲೇ ಅಲ್ಲ ಎಂದು ನಿಮ್ಮ ಫೋನಿನಲ್ಲಿರುವ ವಿಡಿಯೋ ಹೇಳುತ್ತಿದೆ. ನೀವು ಮೊದಲು ಯಾವ ಕೋಚಿನ ಕೋಣೆಯ ಬಾಗಿಲು ತಟ್ಟುತ್ತೀರಿ? ಅವರು ಉತ್ತರ ಹುಡುಕುತ್ತಿರುವಾಗ ಗಡಿಯಾರ ನೋಡಿಕೊಳ್ಳಿ.